ರಾತ್ರಿ ಒಂಬತ್ತು ಗಂಟೆಯ ಪಟೇಲಿಕೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ)



ರಾತ್ರಿ ತಟ್ಟೆ ಹಿಡಿದು ಊಟದ ಹಾಲಿನಲ್ಲಿ ಕೂತಾಗ ಮೂಲೆಯಲ್ಲಿ ಟೀವಿ ಕಿರುಚ್ತಾ ಇರ್ತದೆ. ಸಾರಿಗೆ ಉಪ್ಪಿಲ್ಲ ಅಂತ ಬೈಕೊಂಡು ಉಣ್ತಾ ನಾವು ಅರ್ಧ ಕಿವಿ ಅತ್ತ ಕೊಟ್ಟಿರ್ತೇವೆ. 'ಏನ್ ಹಿಡ್ಕೊಂಡ ಗುರು ಅವನ್ನ!' ಅಂತ ಮೆಚ್ಚಿಕೊಳ್ಳೋರೂ ನಮ್ಮಲ್ಲೇ ಇದ್ದಾರೆ. ಸುಳ್ಳು ಯಾಕೆ ಹೇಳೋದು, ನಾವೂ ಮೆಚ್ಚಿಕೊಂಡದ್ದುಂಟು. ಮಂತ್ರಿಯನ್ನೋ ಎಂಪಿಯನ್ನೋ ಒಬ್ಬ ನಿರೂಪಕ ಕಾಲರ್ ಹಿಡಿದಂಗೆ ಪ್ರಶ್ನೆ ಕೇಳಿದರೆ, ಊರಲ್ಲಿ ಯಾರ ಮುಂದೆಯೂ ತಲೆ ಎತ್ತಿ ಕೇಳಲಾರದೆ ಬೆಳೆದ ನಮ್ಮಂಥೋರಿಗೆ ಹೊಟ್ಟೆ ತಣ್ಣಗಾಗ್ತದೆ.

ಆ ತಣ್ಣಗಾಗೋದರ ಒಳಗೇ ಮೋಸ ಇದೆ ಅಂತ ನಮಗೆ ತಡವಾಗಿ ಗೊತ್ತಾಯ್ತು. ಅದನ್ನು ಹೇಳೋಕೇ ಇವತ್ತು ಬಂದಿದ್ದೇವೆ.

ಈ ಕಿರುಚಾಟಕ್ಕೆ ದೇಶದಲ್ಲಿ ಒಂದು ಮಾದರಿ ಹಾಕಿಕೊಟ್ಟವರು ಅರ್ನಬ್ ಗೋಸ್ವಾಮಿ. 2006ರಿಂದ ಟೈಮ್ಸ್ ನೌ, 2017ರ ಮೇ ತಿಂಗಳಿಂದ ತಮ್ಮದೇ ರಿಪಬ್ಲಿಕ್ ಟೀವಿ. ಈಗ ಅವರ ಸಂಸ್ಥೆಗೆ ಕನ್ನಡದಲ್ಲೂ ಒಂದು ಚಾನಲ್ಲಿದೆ. ಓದಿದ್ದು ಆಕ್ಸ್‌ಫರ್ಡಿನಲ್ಲಿ, ವಿಷಯ ಸಾಮಾಜಿಕ ಮಾನವಶಾಸ್ತ್ರ. ಅಂದರೆ ಜಾತಿ ಅಂದ್ರೇನು ಅಂತ ಗೊತ್ತಿಲ್ಲದ ಮನುಷ್ಯ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಈ ಮನುಷ್ಯ ಕೋಪಿಷ್ಠ, ಯಾರನ್ನೂ ಬಿಡೋದಿಲ್ಲ ಅಂತ ಅವರ ಅಭಿಮಾನಿಗಳು ಹೇಳ್ತಾರೆ. ನೋಡೋಣ. 2014ರ ಜನವರಿಯಲ್ಲಿ ರಾಹುಲ್ ಗಾಂಧಿಯವರನ್ನು ಸಂದರ್ಶನ ಮಾಡಿದರು. 1984ರ ಸಿಖ್ಖರ ಹತ್ಯೆಯ ಪ್ರಶ್ನೆ ಹಿಡಿದು ಬಿಡಲೇ ಇಲ್ಲ, ಮತ್ತೆ ಮತ್ತೆ ಅದೇ ಪ್ರಶ್ನೆ. ಒಳ್ಳೇದೇ, ಕೇಳಬೇಕಾದ ಪ್ರಶ್ನೆ ಅದು. 2016ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಮುಂದೆ ಕೂತರು. ಅವತ್ತು ಆ ಗಂಟಲು ಎಲ್ಲಿಗೆ ಹೋಗಿತ್ತು? ಉತ್ತರ ಮುಗಿಯೋವರೆಗೂ ಕಾಯೋದು, ತಲೆ ಆಡಿಸೋದು, ಮರುಪ್ರಶ್ನೆ ಇಲ್ಲದೆ ಮುಂದಿನದಕ್ಕೆ ಹೋಗೋದು. ಇಷ್ಟು ಸಭ್ಯವಾಗಿ ಕೇಳೋಕೆ ಬರ್ತದೆ ಅಂತಾದರೆ, ಉಳಿದ ದಿನ ಕಿರುಚೋದು ಸ್ವಭಾವದಿಂದ ಅಲ್ಲ, ಲೆಕ್ಕದಿಂದ. ನಮ್ಮೂರ ಪಟೇಲರೂ ಹಿಂಗೇ ಅಲ್ಲವೆ? ಕೇರಿ ಕಡೆ ತಿರುಗಿದರೆ ಹುಲಿ, ತಾಶೀಲ್ದಾರರ ಜೀಪು ಬಂದರೆ ಹೆಗಲ ಮೇಲಿನ ಟವಲ್ಲು ಕೈಗೆ ಬರ್ತದೆ.

ಈಗ ನಮ್ಮ ವಿಷಯಕ್ಕೆ ಬರ್ತೇವೆ. 2018ರ ಜನವರಿ 1ರಂದು ಭೀಮಾ ಕೋರೆಗಾಂವ್‌ನಲ್ಲಿ 200ನೇ ವರ್ಷದ ಸ್ಮರಣೆಗೆ ಹೋದ ನಮ್ಮ ಜನರ ಮೇಲೆ ಕಲ್ಲು ಬಿತ್ತು. ಅದಾದ ಎಂಟನೇ ದಿನ, ಜನವರಿ 9ಕ್ಕೆ, ದೆಹಲಿಯ ಪಾರ್ಲಿಮೆಂಟ್ ಸ್ಟ್ರೀಟಿನಲ್ಲಿ ಗುಜರಾತಿನ ಶಾಸಕ ಜಿಗ್ನೇಶ್ ಮೇವಾನಿ ಯುವ ಹೂಂಕಾರ್ ಸಭೆ ಮಾಡಿದರು. ಬಂದವರಲ್ಲಿ ಬಹಳ ಮಂದಿ ನಿಮ್ಮ ವಯಸ್ಸಿನವರೇ, ವಿದ್ಯಾರ್ಥಿಗಳು. ಕೇಳಿದ್ದು ಶಿಕ್ಷಣ, ಉದ್ಯೋಗ, ಜೈಲಿನಲ್ಲಿದ್ದ ಚಂದ್ರಶೇಖರ್ ಆಜಾದರ ಬಿಡುಗಡೆ.

ಆ ರಾತ್ರಿ ರಿಪಬ್ಲಿಕ್ ಟೀವಿಯಲ್ಲಿ ಶಿಕ್ಷಣವೂ ಇಲ್ಲ, ಉದ್ಯೋಗವೂ ಇಲ್ಲ. ತಮ್ಮ ವರದಿಗಾರ್ತಿಗೆ ಸಭೆಯಲ್ಲಿ ಕಿರುಕುಳ ಆಯ್ತು ಅನ್ನೋದೇ ಸುದ್ದಿ. ಕೆಲಸಕ್ಕೆ ಬಂದ ಹೆಣ್ಣುಮಗಳಿಗೆ ಯಾರೇ ತೊಂದರೆ ಕೊಟ್ಟಿದ್ದರೂ ಅದು ತಪ್ಪು, ನಮ್ಮ ಸಭೆಯಲ್ಲಿ ಆದರೆ ಇನ್ನೂ ದೊಡ್ಡ ತಪ್ಪು. ಇದರಲ್ಲಿ ಎರಡು ಮಾತಿಲ್ಲ. ಆದರೆ ನಿರೂಪಕರು ಮಾಡಿದ್ದೇನು? ಗುಂಪಿನಲ್ಲಿದ್ದ ಮುಖಗಳನ್ನು ಪರದೆ ಮೇಲೆ ಎತ್ತಿ ತೋರಿಸಿ, ಗೂಂಡಾಗಳು ಅಂದರು, ಇನ್ನೂ ಹೊಲಸು ವಿಶೇಷಣಗಳನ್ನು ಹಚ್ಚಿದರು. ವಿಚಾರಣೆ ಇಲ್ಲ, ಹೆಸರು ಕೇಳಿದ್ದಿಲ್ಲ. ಹಾಗೆ ತೋರಿಸಿದ ಮುಖಗಳಲ್ಲಿ ಒಂದು ಇನ್ನೊಂದು ಚಾನಲ್ಲಿನ ವರದಿಗಾರನದೇ ಆಗಿತ್ತು! ಗುಂಪಲ್ಲಿ ನಿಂತೋರೆಲ್ಲ ಇವರ ಕಣ್ಣಿಗೆ ಒಂದೇ ಥರ ಕಾಣ್ತಾರೆ.

ಆ ಮುಖಗಳಲ್ಲಿ ಒಬ್ಬಾತ ಸುಮ್ಮನಿರಲಿಲ್ಲ. ಅವನೂ ಅವನ ಹೆಂಡತಿಯೂ ಕೂತು ದೂರು ಬರೆದರು. ಚಾನಲ್ಲುಗಳೇ ಕಟ್ಟಿಕೊಂಡಿದ್ದ ಒಂದು ಪ್ರಾಧಿಕಾರ ಇತ್ತು, ಅದರ ಮುಖ್ಯಸ್ಥರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2018ರ ಆಗಸ್ಟ್ ಕೊನೆಯಲ್ಲಿ ಅದು ಆದೇಶ ಕೊಟ್ಟಿತು: ಆ ಮಾತುಗಳಿಗೆ ಸಮರ್ಥನೆ ಇಲ್ಲ, ಪರದೆ ತುಂಬ ದೊಡ್ಡ ಅಕ್ಷರದಲ್ಲಿ ಕ್ಷಮೆ ಕೇಳಬೇಕು. ಚಾನಲ್ಲು ಕೂಡಲೇ ತಲೆಬಾಗಲಿಲ್ಲ, ಮರುಪರಿಶೀಲನೆ ಮಾಡಿ ಅಂತ ಅರ್ಜಿ ಹಾಕಿತು. 2019ರಲ್ಲಿ ಬೇರೆಯೇ ಒಂದು ಪ್ರಸಾರಕರ ಒಕ್ಕೂಟ ಹುಟ್ಟಿತು, ಅದರ ಅಧ್ಯಕ್ಷರಾಗಿ ಗೋಸ್ವಾಮಿಯವರೇ ಆರಿಸಿ ಬಂದರು. ಯಾಕೆ ಏನು ಅಂತ ನಾವು ಹೇಳಲ್ಲ, ನೀವೇ ಯೋಚನೆ ಮಾಡಿ.

ದಿನಾ ರಾತ್ರಿ 'ದೇಶ ಉತ್ತರ ಕೇಳ್ತಿದೆ' ಅಂತ ಮೇಜು ಕುಟ್ಟಿದವರು ತಾವು ಉತ್ತರ ಕೊಡೋ ಸರದಿ ಬಂದಾಗ ಹೆಂಗಿರ್ತಾರೆ ಅನ್ನೋದಕ್ಕೆ ಇನ್ನೊಂದು ದೃಶ್ಯ ಇದೆ. 2020ರ ಜನವರಿ 28. ಇಂಡಿಗೋ ವಿಮಾನದಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಇವರ ಸೀಟಿನ ಹತ್ರ ನಿಂತು, ಇವರದೇ ಧಾಟಿಯಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಎಸೆದರು. ಅದು ರೋಹಿತ್ ವೇಮುಲನ ತಾಯಿಗಾಗಿ ಅಂತ ಅವರು ಹೇಳಿದ್ದು. ರೋಹಿತ್ ಯಾರು ಅಂತ ಈ ಶಿಬಿರದಲ್ಲಿ ಹೇಳಬೇಕಿಲ್ಲ. ಫೆಲೋಶಿಪ್ ನಿಂತು, ಹಾಸ್ಟೆಲಿಂದ ಹೊರಗೆ ಹಾಕಿಸಿಕೊಂಡು, ಬಯಲಲ್ಲಿ ಮಲಗಿ, 2016ರ ಜನವರಿ 17ಕ್ಕೆ ನಮ್ಮನ್ನು ಬಿಟ್ಟುಹೋದವನು. ಅವನು ಸತ್ತ ಮೇಲೆ ಅವನ ತಾಯಿಯ ಜಾತಿ ಯಾವುದು ಅಂತ ಕೆದಕಿದ ಬಾಯಿಗಳು ಎಷ್ಟು! ಗೋಸ್ವಾಮಿಯವರ ಕಾರ್ಯಕ್ರಮದಲ್ಲೂ ಅದು ನಡೀತು ಅನ್ನೋದು ಕಾಮ್ರಾ ಅವರ ಆರೋಪ.

ಆ ಹೊತ್ತು ಗೋಸ್ವಾಮಿಯವರು ಏನ್ಮಾಡಿದರು? ಕಿವಿಗೆ ಹೆಡ್‌ಫೋನ್, ಕಣ್ಣು ಲ್ಯಾಪ್‌ಟಾಪಿನ ಮೇಲೆ. ಒಂದು ಮಾತಿಲ್ಲ. ವಿಮಾನದಲ್ಲಿ ಹೋಗಿ ಹಂಗೆ ಕೇಳಿದ್ದು ಸರಿಯೋ ತಪ್ಪೋ ಅನ್ನೋ ಬಗ್ಗೆ ನಮ್ಮಲ್ಲೇ ಜಗಳ ಇದೆ, ಇರಲಿ. ಇಂಡಿಗೋದವರು ಕಾಮ್ರಾಗೆ ಆರು ತಿಂಗಳು ವಿಮಾನ ಹತ್ತಬೇಡ ಅಂದರು, ಆಮೇಲೆ ಮೂರಕ್ಕೆ ಇಳಿಸಿದರು. ಎದುರಿಗಿದ್ದವರು ಮೌನವಾಗಿದ್ದರೆ ಅದು ಅಪರಾಧದ ಒಪ್ಪಿಗೆ ಅನ್ನೋ ಹಂಗೆ ಸ್ಟುಡಿಯೋದಲ್ಲಿ ಮಾತಾಡ್ತಾರಲ್ಲ, ಆ ನಿಯಮ ಸೀಟ್ ಬೆಲ್ಟ್ ಕಟ್ಟಿದ ಮೇಲೆ ಅನ್ವಯ ಆಗಲಿಲ್ಲ.

ಅದೇ ವರ್ಷ ನಟ ಸುಶಾಂತ್ ಸಿಂಗ್ ರಜಪೂತ್ ಸತ್ತಾಗ ರಿಯಾ ಚಕ್ರವರ್ತಿ ಎಂಬ ಹುಡುಗಿಯನ್ನು ತಿಂಗಳುಗಟ್ಟಲೆ ಪರದೆ ಮೇಲೆ ಸುಟ್ಟರು. ಅವಳನ್ನು ಬಂಧಿಸಿ ಅನ್ನೋದನ್ನೇ ಘೋಷಣೆ ಮಾಡಿಕೊಂಡು ನಡೆಸಿದರು. ತನಿಖೆಯೂ ನೀವೇ, ಸರ್ಕಾರಿ ವಕೀಲರೂ ನೀವೇ, ಜಡ್ಜೂ ನೀವೇ ಆದರೆ ನಾವ್ಯಾಕೆ ಇದ್ದೇವೆ ಅಂತ ಬಾಂಬೆ ಹೈಕೋರ್ಟೇ ಕೇಳಬೇಕಾಯ್ತು. 2021ರ ಜನವರಿಯ ತೀರ್ಪಿನಲ್ಲಿ ರಿಪಬ್ಲಿಕ್ ಮತ್ತು ಟೈಮ್ಸ್ ನೌ ಪ್ರಸಾರದಲ್ಲಿ ಕೆಲವು ಮೇಲ್ನೋಟಕ್ಕೆ ನ್ಯಾಯಾಂಗ ನಿಂದನೆ ಅಂದಿತು, ಕ್ರಮ ಮಾತ್ರ ಕೈಗೊಳ್ಳಲಿಲ್ಲ. 2025ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ಮುಗಿಸೋ ವರದಿ ಹಾಕಿತು. ಆ ಹುಡುಗಿ ಜೈಲಲ್ಲಿ ಕಳೆದ ದಿನಗಳನ್ನು ಯಾರು ವಾಪಸ್ ಕೊಡ್ತಾರೆ?

2020ರ ನವೆಂಬರ್ 4ರ ಬೆಳಿಗ್ಗೆ ಪೊಲೀಸರು ಗೋಸ್ವಾಮಿಯವರ ಮನೆಗೇ ಬಂದರು, ಆತ್ಮಹತ್ಯೆಗೆ ಪ್ರೇರಣೆ ಎಂಬ 2018ರ ಹಳೇ ಕೇಸಿನಲ್ಲಿ. ನವೆಂಬರ್ 11ಕ್ಕೆ ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಟ್ಟಿತು. ಎಫ್‌ಐಆರಿನಲ್ಲಿ ಪ್ರೇರಣೆಯ ಅಂಶ ಮೇಲ್ನೋಟಕ್ಕೆ ಕಾಣೋದಿಲ್ಲ ಅಂದಿತು, ಒಬ್ಬ ಮನುಷ್ಯನ ಸ್ವಾತಂತ್ರ್ಯ ಒಂದು ದಿನ ಕಿತ್ತುಕೊಂಡರೂ ಅದು ಹೆಚ್ಚೇ ಅಂದಿತು. ಆ ಜಾಮೀನು ಸರಿ ಅಂತಲೇ ನಾವು ಹೇಳ್ತೇವೆ. ಸರ್ಕಾರ ಹಳೇ ಕಡತ ತೆಗೆದು ಪತ್ರಕರ್ತನ ಮನೆ ಬಾಗಿಲು ಬಡಿಯೋದು ನಾಳೆ ನಮ್ಮ ಬಾಗಿಲಿಗೂ ಬರ್ತದೆ.

ಆದರೆ ಅದೇ ಹೊತ್ತಿಗೆ ಇನ್ನೊಬ್ಬ ಪತ್ರಕರ್ತ ಜೈಲಲ್ಲಿದ್ದ. ಕೇರಳದ ಸಿದ್ದೀಕ್ ಕಪ್ಪನ್. ಹಾಥರಸಿನಲ್ಲಿ ನಮ್ಮ ಹೆಣ್ಣುಮಗಳೊಬ್ಬಳು ದಾಳಿಗೆ ಸಿಕ್ಕಿ ಸತ್ತಳು, ಮನೆಯವರಿಗೆ ಹೆಣದ ಮುಖವನ್ನೂ ಸರಿಯಾಗಿ ತೋರಿಸದೆ ಪೊಲೀಸರು ರಾತ್ರೋರಾತ್ರಿ ಸುಟ್ಟರು, ಆ ಸುದ್ದಿ ಬರೆಯೋಕೆ ಹೊರಟ ಈತನನ್ನು 2020ರ ಅಕ್ಟೋಬರ್ 5ಕ್ಕೆ ದಾರಿಯಲ್ಲೇ ಹಿಡಿದರು. ಹೊರಗೆ ಬಂದದ್ದು 2023ರ ಫೆಬ್ರವರಿ 2ಕ್ಕೆ. ಇವರಿಗೆ ಒಂದು ವಾರ, ಅವನಿಗೆ ಸುಮಾರು 28 ತಿಂಗಳು. ಪತ್ರಿಕಾ ಸ್ವಾತಂತ್ರ್ಯ ಅಂತ ಅಷ್ಟು ದೊಡ್ಡ ಗಂಟಲಲ್ಲಿ ಕೂಗಿದವರು, ಜೈಲಿನ ಗೇಟಿಂದ ಕಾರಿನ ಮೇಲೆ ನಿಂತು ಮೆರವಣಿಗೆ ಬಂದವರು, ಆ ಗಂಟಲಿನಲ್ಲಿ ಕಾಲುಭಾಗವನ್ನು ಕಪ್ಪನ್‌ಗೂ ಕೊಟ್ಟಿದ್ದರೆ ನಾವು ಇವತ್ತು ಈ ಭಾಷಣ ಮಾಡ್ತಿರಲಿಲ್ಲ.

ಇದನ್ನೆಲ್ಲ ಒಬ್ಬ ಮನುಷ್ಯನ ಕೆಟ್ಟತನ ಅಂತ ತಿಳಿದು ಎದ್ದುಹೋಗಬೇಡಿ. 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿಯವರು ಲೆಕ್ಕ ಹಾಕಿದರು. ಪತ್ರಿಕೆ, ಚಾನಲ್ಲುಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಲಿ. ನಮ್ಮವರು, ಆದಿವಾಸಿಗಳು ಎಷ್ಟು? ಸೊನ್ನೆ. 1920ರಲ್ಲಿ ಬಾಬಾಸಾಹೇಬರು ಮೂಕನಾಯಕ ಪತ್ರಿಕೆ ತಂದಾಗ ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತನ್ನು ಹಾಕಲು ಕೇಸರಿ ಪತ್ರಿಕೆ ಒಪ್ಪಲಿಲ್ಲ. ಆಗ ನಮ್ಮನ್ನು ಒಳಗೇ ಬಿಡ್ತಿರಲಿಲ್ಲ. ಈಗ ಕರೀತಾರೆ. ಕರೆದು ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ಕೊಡ್ತಾರೆ.

ಆ ಕಿಟಕಿಯ ಕೀಲಿ ಯಾರ ಹತ್ರ ಇದೆ ಗೊತ್ತಾ? ಮೈಕಿನ ಗುಂಡಿ ಇರೋದು ಕಂಟ್ರೋಲ್ ರೂಮಿನಲ್ಲಿ. ಎಂಟು ಜನ ಒಟ್ಟಿಗೆ ಕೂಗುವಾಗ ಯಾರ ದನಿ ಮೇಲೆ, ಯಾರದು ಕೆಳಗೆ ಅಂತ ಅಲ್ಲಿ ತೀರ್ಮಾನ ಆಗ್ತದೆ. ನೀವು ಒಳ್ಳೇ ಮಾತಾಡ್ತಿರ್ತೀರಿ, ನೋಡೋರಿಗೆ ಬಾಯಿ ಆಡೋದಷ್ಟೇ ಕಾಣ್ತದೆ. ಉತ್ತರ ಗೊತ್ತಿಲ್ಲದೆ ತಡವರಿಸಿದ ಅಂತ ನಿಮ್ಮ ಅಪ್ಪ ಅಮ್ಮನೇ ತಿಳ್ಕೋತಾರೆ. ಮುಂದೆ ನಿಮ್ಮಲ್ಲಿ ಕೆಲವರು ಮುಂದಾಳುಗಳಾಗ್ತೀರಿ, ಫೋನ್ ಬಂದೇ ಬರ್ತದೆ. ಹೋಗಲೇಬೇಡಿ ಅಂತ ನಮ್ಮಲ್ಲಿ ಒಂದು ಗುಂಪು ಹೇಳ್ತದೆ. ಹೋಗದಿದ್ದರೆ ಖಾಲಿ ಕುರ್ಚಿ ತೋರಿಸಿ ಓಡಿಹೋದರು ಅಂತಾರಲ್ಲ ಅಂತ ಇನ್ನೊಂದು ಗುಂಪು. ನಮಗೂ ಇದು ಬಗೆಹರಿದಿಲ್ಲ, ಸಂಜೆ ಚರ್ಚೆಗೆ ಇಟ್ಟಿದ್ದೇವೆ.

ಅದಕ್ಕೆ ಮೊದಲು ಒಂದು ಕೆಲಸ. ನಾಳೆ ರಾತ್ರಿ ಊಟದ ಹೊತ್ತಿಗೆ, ಯಾವ ಚಾನಲ್ಲಾದರೂ ಸರಿ, ಕನ್ನಡದ್ದೇ ಆಗಲಿ, ಟೀವಿಯ ಸದ್ದು ಪೂರ್ತಿ ತೆಗೆದು ನೋಡೋಣ. ಇಬ್ಬರು ಗಡಿಯಾರ ಹಿಡೀರಿ. ನಿರೂಪಕ ಎಷ್ಟು ನಿಮಿಷ ಮಾತಾಡಿದ, ಕರೆಸಿಕೊಂಡವರು ಎಷ್ಟು ನಿಮಿಷ, ಯಾರ ಮಾತನ್ನು ಎಷ್ಟು ಸಲ ತುಂಡು ಮಾಡಿದ ಅಂತ ಬರ್ಕೊಳ್ಳಿ. ಒಂದು ತಿಂಗಳು ಬರೀರಿ. ನೋಟ್‌ಬುಕ್ಕು ವಾರ್ಡನ್ ಕೋಣೆ ಪಕ್ಕದ ಕಿಟಕೀಲಿ ಇಟ್ಟಿರ್ತೇವೆ, ಪೆನ್ನು ಮಾತ್ರ ನೀವೇ ತನ್ನಿ. ಹೋದ ಸಲ ದಾರ ಕಟ್ಟಿಟ್ಟ ಪೆನ್ನನ್ನೂ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ.