ಸಮುದ್ರ ಸೇರುವ ನೀರು ವ್ಯರ್ಥವೇ?

(ಕಲಬುರಗಿಯಲ್ಲಿ ವಿದ್ಯಾರ್ಥಿಗಳು ಹಾಗೂ ಕಮಲಾಪುರ ಭಾಗದ ರೈತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಕಡಲಿನಿಂದ ಇಷ್ಟು ದೂರವಿರುವ ಕಲಬುರಗಿಯಲ್ಲಿ, ಮಲೆನಾಡಿನಿಂದ ಬಂದ ಕೃಷಿ ವಿಜ್ಞಾನದವರು ಕಡಲ ಸಂರಕ್ಷಣೆಯ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಿಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಪುರಾತನ ಕಾಲದ ಆಳವಿಲ್ಲದ ಕಡಲಿನ ತಳದಲ್ಲಿ ಶೇಖರವಾದ ಸುಣ್ಣದ ಕೆಸರು. ಆ ಕಡಲು ಹೋಯಿತು, ಸಂಬಂಧ ಹೋಗಲಿಲ್ಲ. ಈ ಸೀಮೆಯ ಮಳೆನೀರು ಬೆಣ್ಣೆತೊರೆಯಿಂದ ಕಾಗಿಣಾಕ್ಕೆ, ಅಲ್ಲಿಂದ ಭೀಮೆಗೆ, ಭೀಮೆಯಿಂದ ಕೃಷ್ಣೆಗೆ ಸೇರಿ ಆಂಧ್ರದ ತೀರದಲ್ಲಿ ಬಂಗಾಳ ಕೊಲ್ಲಿಯನ್ನು ತಲುಪುತ್ತದೆ.

ಕಮಲಾಪುರದ ಕೆಂಪು ಬಾಳೆಯ ತೋಟಗಳನ್ನು ನೋಡುತ್ತಿದ್ದಾಗ ಹಿರಿಯ ರೈತರೊಬ್ಬರು, “ನೀರೆಲ್ಲ ಸಮುದ್ರಕ್ಕ ಹೋಗಿ ಹಾಳಾಗ್ತದ ನೋಡ್ರಿ” ಎಂದರು. ಮಳೆಯನ್ನೇ ನಂಬಿ ತೊಗರಿ ಬೆಳೆಯುವ ನಾಡಿನ ಈ ಸಂಕಟ ನ್ಯಾಯವಾದುದು. ಇದೇ ಮಾತನ್ನು ಮುಂದಿಟ್ಟುಕೊಂಡು ನಮ್ಮ ಮಲೆನಾಡಿನ ನದಿಗಳನ್ನು ತಿರುಗಿಸುವ ಯೋಜನೆಗಳೂ ಹುಟ್ಟುತ್ತವೆ. ಆದ್ದರಿಂದ ಸಮುದ್ರ ಸೇರುವ ನೀರು ಏನು ಮಾಡುತ್ತದೆ ಎಂಬುದನ್ನು ನಾವಿಬ್ಬರೂ ತಿಳಿಯಬೇಕು.

ಇದನ್ನು ಒಬ್ಬ ಕೃಷಿ ವಿಜ್ಞಾನಿಯ ಬದುಕಿನ ಮೂಲಕವೇ ನೋಡೋಣ. ಡಾ. ಎಂ.ಎಸ್. ಸ್ವಾಮಿನಾಥನ್ (1925–2023) ಅವರನ್ನು ನಾವು ಗೋಧಿ, ಭತ್ತಗಳೊಂದಿಗೆ ನೆನೆಯುತ್ತೇವೆ. ಹಸಿರು ಕ್ರಾಂತಿಯ ಬಗ್ಗೆ ಪರಿಸರವಾದಿಗಳಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಆದರೆ ಅವರ ವೃತ್ತಿಜೀವನದ ಉತ್ತರಾರ್ಧದಲ್ಲಿ ಕರಾವಳಿಗೂ ಮಹತ್ವದ ಸ್ಥಾನವಿತ್ತೆಂಬುದು ಅನೇಕರಿಗೆ ತಿಳಿಯದು. 1987ರಲ್ಲಿ ದೊರೆತ ವಿಶ್ವ ಆಹಾರ ಪ್ರಶಸ್ತಿಯ ಹಣದಿಂದ 1988ರಲ್ಲಿ ಚೆನ್ನೈಯಲ್ಲಿ ಅವರು ಕಟ್ಟಿದ ಸಂಶೋಧನಾ ಪ್ರತಿಷ್ಠಾನವು ಕಾಂಡ್ಲಾ ಕಾಡುಗಳನ್ನು ತನ್ನ ಮುಖ್ಯ ವಿಷಯಗಳಲ್ಲೊಂದಾಗಿ ಕೈಗೆತ್ತಿಕೊಂಡಿತು.

ತಮಿಳುನಾಡಿನ ಪಿಚ್ಚಾವರಂನಲ್ಲಿ ಈ ಕಾಡುಗಳು ಏಕೆ ಸಾಯುತ್ತಿವೆ ಎಂದು ಅಲ್ಲಿನ ವಿಜ್ಞಾನಿಗಳು ಪರಿಶೀಲಿಸಿದರು. ಹಿಂದೆ ಅರಣ್ಯ ಇಲಾಖೆ ಕಾಡನ್ನು ಪಾಳಿಯಂತೆ ಬೋಳು ಕಡಿದಿತ್ತು. ಬಿಸಿಲಿಗೆ ತೆರೆದ ಮಣ್ಣು ಒಣಗಿ ಕುಸಿಯಿತು, ತಗ್ಗಿನಲ್ಲಿ ನಿಂತ ಉಪ್ಪುನೀರು ಆವಿಯಾಗಿ ಉಪ್ಪು ಮಿತಿಮೀರಿತು, ಸಸಿ ಬದುಕದಾಯಿತು. ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆಗಳನ್ನು ತೋಡಿ ಭರತ-ಇಳಿತದ ನೀರು ಮತ್ತೆ ಆಡುವಂತೆ ಮಾಡಿದಾಗ ಸಸಿಗಳು ಹಿಡಿದವು. ಈ ಕೆಲಸ ಗ್ರಾಮಸ್ಥರ ಸಹಭಾಗಿತ್ವದಲ್ಲಿ ನಡೆಯಿತು. ಮುಂದೆ ಇದೇ ವಿಧಾನ ಗೋದಾವರಿ ಮತ್ತು ಕೃಷ್ಣಾ ಮುಖಜಭೂಮಿಗಳಿಗೂ, ಅಂದರೆ ನಿಮ್ಮ ಹಳ್ಳದ ನೀರಿನ ಕೊನೆಯ ತಾಣಕ್ಕೂ ಹೋಯಿತು.

ಕಾಂಡ್ಲಾಕ್ಕೆ ಉಪ್ಪುನೀರಷ್ಟೇ ಸಾಲದು, ನದಿಯ ಸಿಹಿನೀರೂ ಹೂಳೂ ಬೇಕು. ಮೇಲ್ಭಾಗದ ಅಣೆಕಟ್ಟುಗಳು ಹೂಳನ್ನು ತಡೆಹಿಡಿದ ಮೇಲೆ ಕೃಷ್ಣಾ ಮುಖಜಭೂಮಿಯ ಅಂಚು ಕೊರೆತಕ್ಕೆ ತುತ್ತಾಗಿರುವುದನ್ನು ಅಧ್ಯಯನಗಳು ತೋರಿಸಿವೆ. 2001ರಿಂದ 2004ರವರೆಗಿನ ಬರದಲ್ಲಂತೂ ಕೃಷ್ಣೆಯಿಂದ ಕಡಲಿಗೆ ಸೇರಿದ ನೀರು ನಗಣ್ಯ. ಅಲ್ಲಿನ ರೈತನ ಹೊಲಕ್ಕೆ ಉಪ್ಪು ಏರುತ್ತದೆ, ಮೀನುಗಾರನ ಬಲೆ ಹಗುರಾಗುತ್ತದೆ. ಕಾಡಿನ ಬೆಲೆಯೇನೆಂಬುದಕ್ಕೆ ಒಡಿಶಾದ ನಿದರ್ಶನ ಸಾಕು: 1999ರ ಮಹಾ ಚಂಡಮಾರುತದಲ್ಲಿ ಕೇಂದ್ರಾಪಡಾ ಜಿಲ್ಲೆಯ ಯಾವ ಹಳ್ಳಿಗಳಿಗೂ ಕಡಲಿಗೂ ನಡುವೆ ಕಾಂಡ್ಲಾ ಅಗಲವಾಗಿತ್ತೋ ಅಲ್ಲಿ ಸಾವು ಕಡಿಮೆಯಾಗಿತ್ತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಮರುಪರಿಶೀಲನೆಗೆ ನೇಮಕವಾದ ಸಮಿತಿಗೆ ಸ್ವಾಮಿನಾಥನ್ ಅಧ್ಯಕ್ಷರಾಗಿ 2005ರಲ್ಲಿ ವರದಿ ನೀಡಿದರು. ಅದನ್ನು ಆಧರಿಸಿ ಸರ್ಕಾರ 2008ರಲ್ಲಿ ಹೊರಡಿಸಿದ ಕರಡನ್ನು ಮೀನುಗಾರ ಸಂಘಟನೆಗಳು ಬಲವಾಗಿ ವಿರೋಧಿಸಿದವು. 2009ರಲ್ಲಿ ಅವರದೇ ಅಧ್ಯಕ್ಷತೆಯ ಮತ್ತೊಂದು ಸಮಿತಿ, ಆ ಕರಡನ್ನು ಕೈಬಿಟ್ಟು 1991ರ ಕಾನೂನನ್ನೇ ಬಲಪಡಿಸಬೇಕೆಂದು ಶಿಫಾರಸು ಮಾಡಿತು. ಜನರ ಮಾತು ಕೇಳಿದ ಬಳಿಕ ಬೇರೊಂದು ದಾರಿಯನ್ನು ಸೂಚಿಸುವುದು ವಿಜ್ಞಾನಕ್ಕೆ ಅವಮಾನವಲ್ಲ. ಆದರೆ 2019ರ ಅಧಿಸೂಚನೆಯು ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಕೆಲಸ ಮುಗಿದಿಲ್ಲ.

ನಮ್ಮ ರಾಜ್ಯದಲ್ಲೇ ಎದುರು ನಿದರ್ಶನವೂ ಇದೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂದು ಮಾನ್ಯತೆ ಪಡೆಯಿತು. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಮೀನು, ಸಿಗಡಿ ಬರುತ್ತವೆ. ನದಿ ಕಡಲು ಸೇರುವುದರಿಂದಲೇ ಈ ಅನ್ನ.

ಈ ಕ್ಷೇತ್ರ ನಮಗಲ್ಲವೆಂದು ಬಯಲುಸೀಮೆಯ ಮಕ್ಕಳು ಭಾವಿಸಬೇಕಿಲ್ಲ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯವು ಇಂದು ಸೇರಿರುವುದು ಬೀದರಿನಲ್ಲಿ ಕೇಂದ್ರವಿರುವ ವಿಶ್ವವಿದ್ಯಾಲಯಕ್ಕೆ. ಅಲ್ಲಿಗೆ ಹೋಗುವ ದಾರಿ ಕಮಲಾಪುರದ ಮೇಲೆಯೇ ಹಾದುಹೋಗುತ್ತದೆ. ಜೀವಶಾಸ್ತ್ರ, ಮಣ್ಣು, ಅರ್ಥಶಾಸ್ತ್ರ, ಕಾನೂನು ಯಾವುದನ್ನೇ ಓದಿದರೂ ಕರಾವಳಿಯ ಕೆಲಸಕ್ಕೆ ಬೇಕು.

ಹೊಲದ ಬದು, ಕೆರೆ, ಕೃಷಿಹೊಂಡಗಳಲ್ಲಿ ಬಿದ್ದ ಮಳೆಯನ್ನು ಇಂಗಿಸುವುದು ನಿಮ್ಮ ಹಕ್ಕು; ಅದಕ್ಕಾಗಿ ಹೋರಾಡಿರಿ, ನಾವೂ ಜೊತೆಗಿರುತ್ತೇವೆ. ಆದರೆ ಯಾವುದೇ ನೀರಾವರಿ ಯೋಜನೆ ನಿಮ್ಮ ಮುಂದೆ ಬಂದಾಗ, ನದಿಯ ಕೊನೆಯ ಊರಿಗೆ ಎಷ್ಟು ನೀರು ಉಳಿಯುತ್ತದೆಂದು ಒಮ್ಮೆ ಕೇಳಿರಿ. ಮಲೆನಾಡಿನ ಗ್ರಾಮಸಭೆಗಳಲ್ಲಿ ನಾವು ಅದೇ ಪ್ರಶ್ನೆಯನ್ನು ಕೇಳುತ್ತಿದ್ದೇವೆ.