ಫಿನ್ನರ ಮಾತು, ಫಿನ್ನರ ಮೌನ

ಪರದೇಶಕ್ಕೆ ಹೋದವನು ಅಲ್ಲಿಯ ಭಾಷೆಯ ಗೊಡವೆಗೆ ಹೋಗದೆ ಹಿಂದಿರುಗಿದರೆ, ಕಿವಿ ಮುಚ್ಚಿಕೊಂಡು ಸಂಗೀತ ಕಚೇರಿಗೆ ಹೋಗಿಬಂದಂತೆ ಎಂಬುದು ನನ್ನ ನಂಬಿಕೆ. ಈ ನಂಬಿಕೆಯನ್ನು ಗಂಟುಕಟ್ಟಿಕೊಂಡು ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ಒಂದು ಚಳಿಗಾಲವನ್ನು ಕಳೆದೆನು. ನಾನು ಆ ಭಾಷೆಯನ್ನು ಕಲಿತೆನೆಂದು ಹೇಳಲಾರೆ. ಆ ಭಾಷೆಯೇ ನನಗೆ ಕೆಲವು ಪಾಠಗಳನ್ನು ಕಲಿಸಿತು. ಅವುಗಳನ್ನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯ ಪಾಠ ಮಾತಿನದಲ್ಲ, ಮೌನದ್ದು. ನಮ್ಮಲ್ಲಿ ರೈಲುಗಾಡಿಯಲ್ಲಿ ಎದುರಿಗೆ ಕುಳಿತವರು ಮೂರು ನಿಲ್ದಾಣ ಕಳೆಯುವುದರೊಳಗೆ ನಮ್ಮ ಊರು, ಉದ್ಯೋಗ, ಸಂಬಳ, ಮಕ್ಕಳ ಮದುವೆ ಎಲ್ಲವನ್ನೂ ವಿಚಾರಿಸಿ ತಿಳಿದಿರುತ್ತಾರೆ. ಅಲ್ಲಿ ನನ್ನ ನೆರೆಮನೆಯ ಗೃಹಸ್ಥರು ಒಂದು ತಿಂಗಳು ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ತಲೆಯನ್ನು ಅರ್ಧ ಅಂಗುಲ ಬಾಗಿಸಿದರೇ ಹೊರತು ಬಾಯಿ ತೆರೆಯಲಿಲ್ಲ. ನನ್ನಿಂದ ಏನೋ ಅಪರಾಧವಾಗಿರಬೇಕೆಂದು ಕೊರಗಿದೆನು. ಅದು ಕೋಪವಲ್ಲ, ಮರ್ಯಾದೆ ಎಂಬುದು ಆಮೇಲೆ ತಿಳಿಯಿತು. ಕಾರಣವಿಲ್ಲದೆ ಇನ್ನೊಬ್ಬರ ನೆಮ್ಮದಿಯನ್ನು ಕದಡಬಾರದೆಂಬುದು ಅವರ ಸೌಜನ್ಯ.

ಮೌನಕ್ಕೆ ಅಷ್ಟು ಬೆಲೆ ಕೊಡುವ ಜನ ಮಾತಿನ ಒಂದೊಂದು ಮಾತ್ರೆಗೂ ಬೆಲೆ ಕೊಡುತ್ತಾರೆ. ಅವರ ಭಾಷೆಯಲ್ಲಿ 'ಮುತ' ಎಂದರೆ ಕೆಸರು, 'ಮೂತ' ಎಂದರೆ ಬೇರೇನೋ, 'ಮುತ್ತ' ಎಂದರೆ ಆದರೆ. ಬಳೆಗೂ ಬಾಳೆಗೂ, ಹಳಿಗೂ ಹಳ್ಳಿಗೂ ಭೇದವನ್ನು ಬಲ್ಲ ಕನ್ನಡಿಗನಿಗೆ ಇದು ಕಷ್ಟವಾಗಬಾರದು. ಆದರೂ ನಾನು ಎಡವಿದೆನು. ನನ್ನ ಮನೆಯ ಯಜಮಾನಿತಿಯಾದ ವೃದ್ಧೆಗೆ ಒಂದು ಸಂಜೆ, 'ನಾಳೆ ತಮ್ಮನ್ನು ಕಾಣುತ್ತೇನೆ' ಎಂದು ಅವರ ಭಾಷೆಯಲ್ಲಿಯೇ ಹೇಳಹೊರಟೆನು. 'ತಪಾನ್' ಎಂಬಲ್ಲಿ ದೀರ್ಘ ತಪ್ಪಿ 'ತಪನ್' ಎಂದು ಬಾಯಿಗೆ ಬಂತು. ಆಕೆ ಒಂದು ಕ್ಷಣ ನನ್ನನ್ನು ನೋಡಿ, ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ, ಬೆಳಗಿನ ಕಾಫಿಯಾದ ಮೇಲೆ ಆಗಬಹುದೇ ಎಂದು ಕೇಳಿದರು. ನಾನು ಹೇಳಿದ್ದುದು 'ನಾಳೆ ನಿಮ್ಮನ್ನು ಕೊಲ್ಲುತ್ತೇನೆ' ಎಂದು!

ವ್ಯಾಕರಣದ ವಿಷಯಕ್ಕೆ ಬಂದರೆ, ನಮ್ಮ ಏಳೆಂಟು ವಿಭಕ್ತಿಗಳಿಗೇ ಹೆದರುವ ವಿದ್ಯಾರ್ಥಿಗಳು ಫಿನ್ಲೆಂಡಿನಲ್ಲಿ ಹುಟ್ಟದಿದ್ದುದು ಅವರ ಪುಣ್ಯ. ಅಲ್ಲಿ ವಿಭಕ್ತಿಗಳು 15. 'ತಲೊ' ಎಂದರೆ ಮನೆ, 'ತಲೊಸ್ಸ' ಮನೆಯಲ್ಲಿ, 'ತಲೊಸ್ಸನಿ' ನನ್ನ ಮನೆಯಲ್ಲಿ, 'ತಲೊಸ್ಸನಿಕಿನ್' ನನ್ನ ಮನೆಯಲ್ಲಿಯೂ. ಹೀಗೆ ಪದದ ಬಾಲಕ್ಕೆ ಪ್ರತ್ಯಯಗಳನ್ನು ಪೋಣಿಸುವ ರೀತಿ ನಮಗೆ ಮನೆಯ ಬಳಕೆಯೇ. ಈ ಹೋಲಿಕೆಯನ್ನು ಕಂಡು ಕಾಲ್ಡ್‌ವೆಲ್ ಪಂಡಿತರು 1856ರ ತಮ್ಮ ಗ್ರಂಥದಲ್ಲಿ ದ್ರಾವಿಡ ಭಾಷೆಗಳಿಗೂ ಫಿನ್ನಿಷ್ ಮೊದಲಾದುವಕ್ಕೂ ನಂಟುಂಟೆಂದು ವಾದಿಸಿದರು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಎಸ್ಟೋನಿಯದ ಭಾಷೆ ಅದರ ಹತ್ತಿರದ ನೆಂಟ, ಹಂಗೆರಿಯದು ದೂರದ ನೆಂಟ. ನಮ್ಮದು ಸಂಬಂಧವಲ್ಲ, ಸಾದೃಶ್ಯ ಮಾತ್ರ. ಒಂದು ವಿಷಯದಲ್ಲಂತೂ ಸಾದೃಶ್ಯವೂ ಇಲ್ಲ. ಅವರಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಇಬ್ಬರಿಗೂ 'ಹ್ಯಾನ್' ಒಂದೇ. ಆಡುಮಾತಿನಲ್ಲಿ ಅದನ್ನೂ ಬಿಟ್ಟು ಮನುಷ್ಯರನ್ನೆಲ್ಲ 'ಅದು' ಎಂದೇ ಕರೆಯುತ್ತಾರೆ. ಯಾರೂ ಮುನಿಯುವುದಿಲ್ಲ.

ಇಷ್ಟು ಮಿತಭಾಷಿಗಳಾದ ಜನ ಮನಸ್ಸು ಬಿಚ್ಚುವ ಸ್ಥಳವೊಂದುಂಟು. ಅದು ಸೌನ, ಎಂದರೆ ಬಿಸಿಹಬೆಯ ಸ್ನಾನಗೃಹ. ಸುಮಾರು 55 ಲಕ್ಷ ಜನರಿರುವ ಆ ನಾಡಿನಲ್ಲಿ 30 ಲಕ್ಷದಷ್ಟು ಸೌನಗಳಿವೆ. ಹಿಂದೆ ಹಳ್ಳಿಗಳಲ್ಲಿ ಮಕ್ಕಳು ಹುಟ್ಟುತ್ತಿದ್ದುದೂ, ಸತ್ತವರಿಗೆ ಕಡೆಯ ಸ್ನಾನ ಮಾಡಿಸುತ್ತಿದ್ದುದೂ ಅಲ್ಲಿಯೇ. ಕಾದ ಕಲ್ಲುಗಳಿಂದ ಏಳುವ ಹಬೆಗೆ 'ಲೊಯ್ಲು' ಎಂದು ಹೆಸರು. ಹಂಗೆರಿಯ ಭಾಷೆಯಲ್ಲಿ ಇದರ ಸೋದರಪದಕ್ಕೆ ಆತ್ಮ ಎಂದರ್ಥ. ನನ್ನ ನೆರೆಮನೆಯ ಮೌನಿಗಳು ಒಂದು ದಿನ ನನ್ನನ್ನು ಅಲ್ಲಿಗೆ ಕರೆದೊಯ್ದರು. 80 ಡಿಗ್ರಿ ಸೆಂಟಿಗ್ರೇಡಿನ ಆ ಕಾವಿನಲ್ಲಿ ಅವರ ಒಂದು ತಿಂಗಳ ಮೌನ ಕರಗಿ ಹರಿಯಿತು.

ಅಂದು ಅವರು ಹೇಳಿದುದು ತಮ್ಮ ಭಾಷೆಯ ಕಥೆ. ಸುಮಾರು 600 ವರ್ಷ ಆ ನಾಡನ್ನು ಆಳಿದವರು ಸ್ವೀಡನ್ನಿನವರು. 1809ರಲ್ಲಿ ಅದು ರಷ್ಯದ ಕೈಗೆ ಬಂದ ಮೇಲೂ ಕಚೇರಿ, ಕಾಲೇಜು, ದೊಡ್ಡಮನುಷ್ಯರ ಸಲ್ಲಾಪ ಎಲ್ಲವೂ ಸ್ವೀಡಿಷ್ ಭಾಷೆಯಲ್ಲಿ. ಫಿನ್ನಿಷ್ ಹೊಲಗದ್ದೆಗಳ ಮಾತಾಗಿತ್ತು. ಲೊನ್ರೂಟ್ ಎಂಬ ವೈದ್ಯರು ಹಳ್ಳಿಹಳ್ಳಿ ತಿರುಗಿ ಜನಪದ ಗೀತೆಗಳನ್ನು ಬರೆದುಕೊಂಡು 1835ರಲ್ಲಿ 'ಕಲೆವಲ' ಕಾವ್ಯವನ್ನು ಹೊರತಂದರು. 1858ರಲ್ಲಿ ಯುವಸ್ಕ್ಯುಲ ಪಟ್ಟಣದಲ್ಲಿ ಫಿನ್ನಿಷ್ ಮಾಧ್ಯಮದ ಮೊದಲನೆಯ ಪ್ರೌಢಶಾಲೆ ತೆರೆಯಿತು. 1863ರಲ್ಲಿ, ಇಪ್ಪತ್ತು ವರ್ಷಗಳೊಳಗೆ ಫಿನ್ನಿಷ್ ಸರ್ಕಾರಿ ವ್ಯವಹಾರದಲ್ಲಿ ಸ್ವೀಡಿಷಿಗೆ ಸಮವಾಗಬೇಕೆಂಬ ಆಜ್ಞೆ ಹೊರಟಿತು. ಇದಕ್ಕಾಗಿ ಹೋರಾಡಿದ ಸ್ನೆಲ್‌ಮನ್ ಅವರ ಮನೆಮಾತು ಸ್ವೀಡಿಷ್ ಎಂಬುದನ್ನು ಗಮನಿಸಬೇಕು. ಅವರ ಜನ್ಮಶತಾಬ್ದಿಯಾದ 1906ರಲ್ಲಿ ಸಾವಿರಾರು ಮಂದಿ ತಮ್ಮ ಸ್ವೀಡಿಷ್ ಮನೆತನದ ಹೆಸರುಗಳನ್ನು ತೊರೆದು ಫಿನ್ನಿಷ್ ಹೆಸರುಗಳನ್ನು ಇಟ್ಟುಕೊಂಡರು. ಹಾಗೆಂದು ಸ್ವೀಡಿಷನ್ನು ಹೊರದೂಡಲಿಲ್ಲ. ನೂರಕ್ಕೆ ಐವರಷ್ಟು ಜನರ ಮನೆಮಾತಾದ ಅದು ಇಂದಿಗೂ ಅಲ್ಲಿ ರಾಜ್ಯಭಾಷೆಯೇ. ವಿದ್ಯಾವಂತರು ತಾವು ಕಲಿತ ಭಾಷೆಯಿಂದ ತಮ್ಮ ಜನರ ಭಾಷೆಯ ಕಡೆಗೆ ತಿರುಗಿದರು, ಅಷ್ಟೆ.

ನನಗೆ ಕೊಟ್ಟ ವೇಳೆ ಮುಗಿಯುತ್ತ ಬಂತು. ಕಡೆಯ ಪಾಠವನ್ನು ಹೇಳಿಬಿಡುತ್ತೇನೆ. ನನ್ನ ಮನೆಯ ಯಜಮಾನಿತಿ ವಸ್ತುಗಳನ್ನು ತೋರಿಸಿ ಹೆಸರು ಕಲಿಸುತ್ತಿದ್ದರು. ಟೆಲಿಫೋನು 'ಪುಹೆಲಿನ್', ಎಂದರೆ ಮಾತಾಡುವ ಸಾಧನ. ಕಂಪ್ಯೂಟರು 'ತಿಯೆತೊಕೊನೆ', ಅರಿವಿನ ಯಂತ್ರ. ಅಡುಗೆಮನೆಯಲ್ಲಿ ತಣ್ಣನೆಯ ಪೆಟ್ಟಿಗೆಯನ್ನು ತೋರಿಸಿ 'ಯಾಕಾಪ್ಪಿ' ಎಂದರು. ಮಂಜಿನ ಬೀರು ಎಂದರ್ಥವಂತೆ. ನನ್ನ ಕಿವಿಗೆ ಅದು 'ಯಾಕಪ್ಪಾ' ಎಂದು ಕೇಳಿಸಿತು. ನಿಮ್ಮ ಭಾಷೆಯಲ್ಲಿ ಇವುಗಳಿಗೆ ಏನೆನ್ನುತ್ತೀರಿ ಎಂದು ಆಕೆ ಕೇಳಿದರು. ಫೋನು, ಕಂಪ್ಯೂಟರು, ಫ್ರಿಜ್ಜು ಎಂದೆನು. ಅದು ಇಂಗ್ಲಿಷ್ ಅಲ್ಲವೇ ಎಂದರು. ದೂರವಾಣಿ, ಗಣಕಯಂತ್ರ ಎಂಬ ಪದಗಳು ನಮ್ಮಲ್ಲಿ ಉಂಟು, ಆದರೆ ಅವು ಪುಸ್ತಕದಲ್ಲಿರುತ್ತವೆ ಎಂದು ಸಮಾಧಾನ ಹೇಳಿದೆನು. ನಿಮ್ಮ ಭಾಷೆಯನ್ನಾಡುವವರು ಎಷ್ಟು ಮಂದಿ ಎಂಬುದು ಮುಂದಿನ ಪ್ರಶ್ನೆ. 4 ಕೋಟಿಗೂ ಮೇಲೆ ಎಂದೆನು. ಆಕೆ ಏನೂ ಹೇಳಲಿಲ್ಲ. ಫಿನ್ನರ ಮೌನ ಯಾವಾಗಲೂ ಮರ್ಯಾದೆಯದೇ ಆಗಿರಬೇಕಾಗಿಲ್ಲವೆಂದು ಅಂದು ತಿಳಿಯಿತು.

ಕಾಫಿಗೆ 'ಕಹ್ವಿ' ಎಂದು ಪರಭಾಷೆಯ ಪದವನ್ನೇ ಅವರೂ ಬಳಸುತ್ತಾರೆ. ಸಾಲ ತರುವುದು ಪಾಪವಲ್ಲ. ಮನೆಯಲ್ಲಿರುವುದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಸಾಲಕ್ಕೆ ಹೋಗುವುದು ಮಾತ್ರ ಜಾಣತನವಲ್ಲ. ಈಗ ಊರಿಗೆ ಬಂದಿದ್ದೇನೆ. ಹಾಲು ತೆಗೆದುಕೊಳ್ಳಲು ಆ ತಣ್ಣನೆಯ ಪೆಟ್ಟಿಗೆಯ ಬಾಗಿಲು ತೆರೆದಾಗಲೆಲ್ಲ ಅದು ನನ್ನನ್ನು ಕೇಳುತ್ತದೆ: 'ಯಾಕಪ್ಪಾ?'