ಮೂವತ್ತು–ನಲವತ್ತರ ಲೆಕ್ಕ



30×40ರ ಸೈಟು ಬೆಂಗಳೂರಿನವರಿಗೆ ಹೊಸದಲ್ಲ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 50 ಅಡಿ ಬರಬೇಕು. ಬರಲಿಲ್ಲವೆಂದರೆ ಸೈಟು ಸೊಟ್ಟಗಿದೆ. ಪೈಥಾಗೊರಸನ ಹೆಸರು ಕೇಳದ ಮೇಸ್ತ್ರಿಯೂ ಪಾಯಕ್ಕೆ ಗುರುತು ಹಾಕುವಾಗ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಅಳೆದು, ನಡುವೆ 5 ಕೂಡುವವರೆಗೆ ದಾರ ಜರುಗಿಸುತ್ತಾನೆ. ಅವನ ಮಗಳು ಅಲ್ಲೇ ಮರಳಿನ ರಾಶಿಯ ಮೇಲೆ ಆಡುತ್ತಿರುತ್ತಾಳೆ. ಗಣಿತವೆಂದರೆ ಅವಳಿಗೆ ಹೆದರಿಕೆ.

ನಾನು ಮನೆ ಕಟ್ಟುವ ಕಸುಬಿನವನು. ನಮ್ಮವರು ಇಂಥ ಮಕ್ಕಳಿಗೆ ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಳ್ಳುವುದುಂಟು. ಕಾರ್ಮಿಕ ಕಲ್ಯಾಣಕ್ಕೆಂದು ಕಟ್ಟುವ ಶೇ. 1ರ ಸೆಸ್ಸನ್ನೂ ದಾನದ ಲೆಕ್ಕಕ್ಕೆ ಬರೆದುಕೊಳ್ಳುವವರಿದ್ದಾರೆ. ಅದು 1996ರಲ್ಲೇ ಕಾನೂನು ಕಡ್ಡಾಯ ಮಾಡಿದ್ದು, ಸ್ವಾಮಿ!

ಈ ಮಕ್ಕಳಿಗೆ ನಿಜವಾಗಿ ನೆರವಾಗಬಲ್ಲ ಎರಡು ಕೆಲಸ ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ 1969ರಲ್ಲಿ ಶುರುವಾದವು. ದೆಹಲಿಯ ರಾಜಘಾಟ್ ಬಳಿಯ ಕಟ್ಟಡದ ಜಾಗದಲ್ಲಿ ಮೀರಾ ಮಹದೇವನ್ ಕೂಲಿಯವರ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರ ತೆರೆದರು. ‘ಮೊಬೈಲ್ ಕ್ರೆಶಸ್’ ಸಂಸ್ಥೆ ಹುಟ್ಟಿದ್ದು ಹಾಗೆ. ಅದೇ ವರ್ಷ ಕೇಂದ್ರ ಶಿಕ್ಷಣ ಸಚಿವ, ನಮ್ಮ ಬಳ್ಳಾರಿಯ ಸಂಸದ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ಅದರ ಸ್ವಯಂಸೇವಕರಿಗೆ ಎರಡು ವರ್ಷದಲ್ಲಿ 240 ಗಂಟೆಯ ಸೇವೆ. ಜಾಥಾಗಳಲ್ಲೇ ಎಷ್ಟು ಕರಗುತ್ತದೋ ಕಾಣೆ. ಆ ಗಂಟೆಗಳಲ್ಲಿ ಒಂದಷ್ಟು ನಮ್ಮ ಸೈಟಿನ ಮಕ್ಕಳ ಲೆಕ್ಕದ ಪಾಠಕ್ಕೆ ಬರಲಿ ಎಂದು ಕಾಲೇಜಿನವರನ್ನು ಕೇಳಿದೆ.

ಬಂದ ಹುಡುಗ ಮೊದಲು ಬೋರ್ಡಿನ ಮೇಲೆ ಭಾಗಾಕಾರ ಬರೆದ. ಮಕ್ಕಳು ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಅವರನ್ನು ಮೆಟ್ಟಿಲ ಹತ್ತಿರ ಕರೆದೊಯ್ದ. ಎತ್ತರ 10 ಅಡಿ, ಎಂದರೆ 120 ಅಂಗುಲ. ಒಂದು ಹೆಜ್ಜೆಗೆ 6 ಅಂಗುಲ ಏರಿದರೆ 20 ಹೆಜ್ಜೆ. ಕಟ್ಟಿದ ಮೆಟ್ಟಿಲು ಎಣಿಸಿದರೆ 19! ಒಂದು ಎಲ್ಲಿ ಹೋಯಿತು? ಮಕ್ಕಳು ಹತ್ತಿ ಇಳಿದು ಮತ್ತೆ ಎಣಿಸಿದರು, ಜಗಳವಾಡಿದರು. ಯಾದಗಿರಿ ಕಡೆಯ ಒಬ್ಬಳು, “ಕಡೀ ಹೆಜ್ಜಿ ಇಡೋದು ಮ್ಯಾಲಿನ ನೆಲದ ಮ್ಯಾಲಲ್ಲೇನ್ರೀ ಅಣ್ಣಾ?” ಎಂದಳು. ಹುಡುಗ ಉತ್ತರ ಹೇಳಿಬಿಡದೆ ಕಾದಿದ್ದ. ನನಗೆ ಹಿಡಿಸಿದ್ದು ಅದೇ.

ತೊಡಕು ಬೇರೆ ಕಡೆ ಇದೆ. ಕೆಲಸ ಮುಗಿದೊಡನೆ ಮೇಸ್ತ್ರಿಯ ಗುಂಪು ಗಂಟುಮೂಟೆ ಕಟ್ಟುತ್ತದೆ, ಪಾಠ ಅರ್ಧಕ್ಕೇ ನಿಲ್ಲುತ್ತದೆ. ಅವರು ಮುಂದೆ ಹೋಗುವುದು ಕೆಂಗೇರಿಗೋ ಯಲಹಂಕಕ್ಕೋ ಕಾಲೇಜಿಗೆ ತಿಳಿಯದು, ಬಿಲ್ಡರಿಗೆ ತಿಳಿಯುತ್ತದೆ. ಚೆಕ್ಕು ಯಾರು ಬೇಕಾದರೂ ಬರೆದಾರು. ಅವರು ಎಲ್ಲಿಗೆ ಹೋಗುತ್ತಾರೆಂಬ ಸುದ್ದಿ ನಮ್ಮ ಹತ್ತಿರ ಮಾತ್ರ ಇರುತ್ತದೆ. ಹಾಗಾಗಿ ನಮ್ಮ ಹಾಜರಿ ಪುಸ್ತಕದಲ್ಲೀಗ ಒಂದು ಕಾಲಂ ಹೆಚ್ಚಿದೆ: ಯಾವ ಮಗು, ಯಾವ ಲೆಕ್ಕಕ್ಕೆ ಬಂದು ನಿಂತಿದೆ, ಮುಂದಿನ ಸೈಟು ಎಲ್ಲಿ. ಅಲ್ಲಿನ ಹತ್ತಿರದ ಕಾಲೇಜಿಗೆ ಫೋನು ಮಾಡುವುದು ನಮ್ಮ ಸೂಪರ್‌ವೈಸರನ ಕೆಲಸ.